ಪ್ಯಾಡಲ್‌ಫಿಶ್ ಸ್ನ್ಯಾಗಿಂಗ್‌ಗೆ ಯಾವ ಬೈಟ್ ಒಳ್ಳೇದು? ಹಿಡಿದು ಫೋಟೋ ತೆಗೆದು ವಾಪಸ್ ಬಿಡಬಹುದಾ?

ಬೈಟೇ ಬೇಡ ಮಾರಾಯ್ರೆ. ಕನ್ಸಾಸ್ ಸಿಟಿಗೆ ಹೊಸದಾಗಿ ಬಂದಾಗ ಆಫೀಸಿನವರು ಏಪ್ರಿಲ್‌ನಲ್ಲಿ ಮಿಸೂರಿಯ ವಾರ್ಸಾಗೆ ಕರೆದ್ರು, ನಾನೂ ಎರೆಹುಳದ ಡಬ್ಬಿ ತಗೊಂಡೇ ಹೋಗಿದ್ದೆ. ತುಂಗಾ ದಡದಲ್ಲಿ ಗಾಳ ಹಾಕ್ಕೊಂಡು ಬೆಳೆದವನಿಗೆ ಇವ್ರೇನು ಹೇಳಿಕೊಡೋದು ಅನ್ನೋ ಕೊಬ್ಬು ಬೇರೆ. ಡಬ್ಬಿ ನೋಡಿ ಬೋಟಲ್ಲಿದ್ದವ್ರು ನಕ್ಕಿದ್ದೇ ನಕ್ಕಿದ್ದು. ಪ್ಯಾಡಲ್‌ಫಿಶ್ ಅನ್ನೋ ಈ ಉದ್ದ ಮೂತಿಯ ಮೀನು ಬಾಯಿ ತೆರ್ಕೊಂಡು ಈಜ್ತಾ ನೀರಲ್ಲಿರೋ ಸಣ್ಣ ಸಣ್ಣ ಜೀವಿಗಳನ್ನ ಸೋಸಿ ತಿನ್ನುತ್ತೆ, ಹುಳ ಮೂಸಿಯೂ ನೋಡಲ್ಲ. ಅದಕ್ಕೇ ಭಾರದ ಸೀಸ, ದೊಡ್ಡ ಮೂರು ಮುಳ್ಳಿನ ಕೊಕ್ಕೆ ಕಟ್ಟಿ ನೀರೊಳಗೆ ಜಗ್ಗಿ ಜಗ್ಗಿ ಎಳೆಯೋದು, ಮೈಯಲ್ಲಿ ಎಲ್ಲಿ ಸಿಕ್ಕಿದ್ರೆ ಅಲ್ಲಿ. ಸ್ನ್ಯಾಗಿಂಗ್ ಅನ್ನೋದು ಇದಕ್ಕೇ. ಸಂಜೆ ಹೊತ್ತಿಗೆ ಭುಜ ಬಿದ್ದುಹೋಗಿರುತ್ತೆ.

ನನ್ನ ದುಡ್ಡು ಮರ್ಯಾದೆ ಎರಡೂ ಕಳೆದಿದ್ದು ಅಳತೆ ಟೇಪು. ಅಲ್ಲಿ ಕನಿಷ್ಠ 34 ಇಂಚು ಇರ್ಬೇಕು. ನಂದು ಅಳೆದ್ರೆ 40 ದಾಟಿತ್ತು, ಖುಷಿಯಾಗಿ ಐಸ್ ಬಾಕ್ಸಿಗೆ ಹಾಕ್ದೆ. ದಡಕ್ಕೆ ಬಂದ್ರೆ ಕನ್ಸರ್ವೇಷನ್ ಏಜೆಂಟ್ (ಮೀನು ಹಿಡಿಯೋ ಕಾನೂನು ನೋಡ್ಕೊಳ್ಳೋ ಅಧಿಕಾರಿ) ನಿಂತಿದ್ದ, ಅವ್ನು ಅಳೆದಾಗ 31ಕ್ಕೇ ನಿಂತು! ಯಾಕಂದ್ರೆ ಮೂತಿ ಲೆಕ್ಕಕ್ಕಿಲ್ಲ. ದೋಸೆ ಮಗುಚೋ ಸಟ್ಟುಗದ ಥರ ಉದ್ದಕ್ಕೆ ಚಾಚಿರುತ್ತಲ್ಲ, ಅದು ದೋಣಿ ಪ್ರೊಪೆಲರಿಗೆ ಸಿಕ್ಕಿ ಮುರಿದ್ರೂ ಮೀನು ಬದುಕಿರುತ್ತೆ, ಅದನ್ನ ಸೇರಿಸಿ ಅಳೆದ್ರೆ ಒಂದೊಂದು ಮೀನಿಗೆ ಒಂದೊಂದು ಲೆಕ್ಕ ಆಗತ್ತೆ. ಕಣ್ಣಿಂದ ಶುರು ಮಾಡ್ಬೇಕು, ಮೂತಿ ಬುಡದಲ್ಲಿ ಸಣ್ಣ ಚುಕ್ಕೆ ಥರ ಇರುತ್ತೆ, ಹುಡುಕಿ. ಅಲ್ಲಿಂದ ಬಾಲ ಕವಲೊಡೆಯೋ ಸಂದಿವರೆಗೆ. ಬಾಲದ ತುದಿವರೆಗೆ ಅಲ್ಲ, ನಾನು ಅಲ್ಲೂ ಎಡವಿದ್ದೆ! ದಂಡದ ಟಿಕೆಟ್ ಬಂತು, ಮೀನೂ ಹೋಯ್ತು, ಗಂಡನ್ನ ಮೀನು ತರಕ್ಕೆ ಕಳಿಸಿದ್ದ ಮನೆಯವಳ ಹತ್ರ ಮಾತೂ ಕೇಳ್ದೆ. ಆಗ ಸಿಟ್ಟು ಬಂದಿತ್ತು, ಈಗ ಏಜೆಂಟ್ ಮಾಡಿದ್ದೇ ಸರಿ ಅನ್ಸುತ್ತೆ. 1979ರಲ್ಲಿ ವಾರ್ಸಾ ಹತ್ರ ಟ್ರೂಮನ್ ಡ್ಯಾಮ್ ಆದ್ಮೇಲೆ ಮೊಟ್ಟೆ ಇಡೋ ಜಾಗ ಮುಳುಗಿಹೋಗಿ, ಅಲ್ಲಿ ಸಿಗೋದು ಹೆಚ್ಚಾಗಿ ಹ್ಯಾಚರಿಯಲ್ಲಿ (ಮೀನುಮರಿ ಕೇಂದ್ರದಲ್ಲಿ) ಬೆಳೆಸಿ ಬಿಟ್ಟ ಮೀನೇ.

ಇನ್ನು ಫೋಟೋ ತೆಗೆದು ಬಿಡೋ ವಿಷ್ಯ. ಬೇಜಾರಾಗ್ಬೇಡಿ, ಅದಕ್ಕಾದ್ರೆ ಹೋಗ್ಲೇಬೇಡಿ. ಹೊಟ್ಟೆಗೋ ಬೆನ್ನಿಗೋ ಕೊಕ್ಕೆ ಚುಚ್ಚಿ ಎಳ್ಕೊಂಡು ಬಂದು ಹಲ್ಲು ಕಿರಿದು ನಿಂತ್ಕೊಂಡು, ಆಮೇಲೆ 'ಪಾಪ' ಅಂತ ಬಿಡೋದು ನಂಗಂತೂ ಸರಿ ಕಾಣಲ್ಲ. ತಿನ್ನೋರಾದ್ರೆ ಹಿಡೀರಿ, ದಿನಕ್ಕೆ ಎರಡು, ಆಮೇಲೆ ಕೊಕ್ಕೆ ಎಳೆಯೋದನ್ನೂ ನಿಲ್ಲಿಸ್ಬೇಕು. ಅಳತೆಗೆ ಕಡಿಮೆ ಇದ್ದಿದ್ದನ್ನ ತಕ್ಷಣ ಬಿಡಿ, ಕಿವಿರಿಗೆ ಬೆರಳು ಹಾಕಿ ಎತ್ಬೇಡಿ.

ಅಲ್ಲಿ ಸೀಸನ್ ಮಾರ್ಚ್ 15ರಿಂದ ಏಪ್ರಿಲ್ 30. ಆದ್ರೆ ನೀರು 50 ಡಿಗ್ರಿ ಫ್ಯಾರನ್‌ಹೀಟ್ ದಾಟಿ, ಮಳೆಗೆ ಹೊಳೆ ಏರಿದ್ರೆ ಮಾತ್ರ ಮೀನು ಹರಿವಿನ ಎದುರು ಈಜಿ ಮೇಲಕ್ಕೆ ಬರೋದು, ಅದಕ್ಕೆ ಮೊದ್ಲೇ ಹೋದ್ರೆ ಬರೀ ಭುಜನೋವು. ಮೊಟ್ಟೆ ಮಾರಿ ದುಡ್ಡು ಮಾಡ್ಬಹುದು ಅಂತ ಯಾರಾದ್ರೂ ಕಿವಿ ಊದಿದ್ರೆ ದೂರ ಇರಿ, ಕ್ಯಾವಿಯರ್ (ಉಪ್ಪು ಹಾಕಿದ ಮೀನಿನ ಮೊಟ್ಟೆ) ಆಸೆಗೆ 2013ರಲ್ಲಿ ವಾರ್ಸಾ ಸುತ್ತಮುತ್ತ ನೂರಕ್ಕೂ ಹೆಚ್ಚು ಜನ ಸಿಕ್ಕಿಬಿದ್ದಿದ್ರು.

ಸಿಕ್ಕಿದ್ರೆ ಕೂಡ್ಲೇ ಐಸಿಗೆ ಹಾಕಿ. ಕುಯ್ಯುವಾಗ ಕೆಂಪು ಮಾಂಸ ಪೂರ್ತಿ ಕೆತ್ತಿ ತೆಗೀರಿ, ಇಲ್ಲಾಂದ್ರೆ ಕೆಸರು ವಾಸನೆ. ಉಳಿದ ಬಿಳಿ ಮಾಂಸದಲ್ಲಿ ಮುಳ್ಳಿನ ಕಾಟವೇ ಇಲ್ಲ, ರವಾ ಫ್ರೈ ಮಾಡಿದ್ರೆ ಮಕ್ಕಳೂ ತಿಂತಾರೆ.