ಚಂದ್ರನ ಕಲ್ಲು, ವಿಜಯಪುರದ ಕಲ್ಲು

ಅಪೊಲೊ ಯಾತ್ರಿಗಳು ಚಂದ್ರನಿಂದ ತಂದ ಕಲ್ಲನ್ನು ಅಮೆರಿಕ ದೇಶದೇಶಗಳಿಗೆ ಹಂಚಿದ್ದು ವಿಜ್ಞಾನ ಪ್ರಸಾರವೋ, ಬರೀ ರಾಜತಂತ್ರವೋ ಎಂದು ವಿಜಯಪುರದ ಶಿಕ್ಷಕಿಯೊಬ್ಬರು ಕೇಳಿದ್ದಾರೆ. ತಮ್ಮ ಮಕ್ಕಳಿಗೆ ಏನನ್ನಾದರೂ ತೋರಿಸಬಹುದೇ ಎಂಬುದು ಅವರ ಇನ್ನೊಂದು ಪ್ರಶ್ನೆ.

ಮೇಡಂ, ಉದ್ದೇಶ ರಾಜತಂತ್ರದ್ದೇ. ಅಪೊಲೊ 11ರ ಉಡುಗೊರೆಯಲ್ಲಿದ್ದದ್ದು ಅಕ್ಕಿನುಚ್ಚಿನಂಥ ನಾಲ್ಕು ಚೂರು, ಒಟ್ಟು ಸುಮಾರು 0.05 ಗ್ರಾಂ. ಜೊತೆಗೆ ಚಂದ್ರನವರೆಗೆ ಹೋಗಿಬಂದ ಆಯಾ ದೇಶದ ಪುಟ್ಟ ಬಾವುಟ. ಅಪೊಲೊ 17ರ ಯಾತ್ರಿಗಳು 1972ರಲ್ಲಿ ತಂದ ಸುಮಾರು ಮೂರು ಕಿಲೋ ತೂಕದ 70017 ಎಂಬ ಕಲ್ಲನ್ನು ಒಡೆದು, ದೇಶಕ್ಕೆ ಸುಮಾರು 1.1 ಗ್ರಾಂನಂತೆ ಅಕ್ರಿಲಿಕ್ ಗುಂಡಿನೊಳಗೆ ಹುದುಗಿಸಿ ಮರದ ಫಲಕಕ್ಕೆ ಕೂರಿಸಿದರು. ಗಾಳಿ, ತೇವ, ಬೆರಳು ತಾಕದಿರಲೆಂದು ಅಕ್ರಿಲಿಕ್.

ಎಡವಿದ್ದು ಕೊಟ್ಟ ಮೇಲೆ. ಯಾರು ಕಾಯಬೇಕು, ಜನರಿಗೆ ಎಲ್ಲಿ ತೋರಿಸಬೇಕು ಎಂಬ ಕರಾರೇ ಇರಲಿಲ್ಲ. ಐರ್ಲೆಂಡಿನ ಡನ್‌ಸಿಂಕ್ ವೀಕ್ಷಣಾಲಯಕ್ಕೆ 1977ರಲ್ಲಿ ಬೆಂಕಿ ಬಿದ್ದಾಗ ಅಲ್ಲಿದ್ದ ಕಲ್ಲು ಅವಶೇಷಗಳ ಜೊತೆ ಕಸದ ರಾಶಿ ಸೇರಿತು. ಮಾಲ್ಟಾದ್ದು 2004ರಲ್ಲಿ ವಸ್ತುಸಂಗ್ರಹಾಲಯದಿಂದಲೇ ಕಳುವಾಯಿತು. ಹೊಂಡುರಾಸಿನದು ಖಾಸಗಿ ಕೈಗೆ ಜಾರಿತ್ತು. 1998ರಲ್ಲಿ ಅಮೆರಿಕದ ಅಧಿಕಾರಿಗಳು ಖರೀದಿದಾರರ ವೇಷದಲ್ಲಿ ಅದನ್ನು ಹಿಡಿದರು.

ಅಮೆರಿಕದ ಶಾಲೆಗಳಿಗೆ ನಾಸಾ ಕೊಡುವ ಬಿಲ್ಲೆ ಇದಕ್ಕಿಂತ ಎಷ್ಟೋ ಮೇಲು. ಅದರಲ್ಲಿ ಚಂದ್ರನ ಕಲ್ಲು-ಮಣ್ಣಿನ ಆರು ಮಾದರಿಗಳಿವೆ, ಆದರೆ ಅದು ದಾನವಲ್ಲ, ಎರವಲು. ತರಬೇತಿ ಪಡೆದ ಶಿಕ್ಷಕರಿಗೇ ಕೊಡುತ್ತಾರೆ, ಬೀಗದಲ್ಲಿಟ್ಟು ಅವಧಿ ಮುಗಿದೊಡನೆ ಮರಳಿಸಬೇಕು. ಹೊಣೆಗೊಂದು ಹೆಸರಿರುವುದರಿಂದ ಕಲ್ಲು ಮಕ್ಕಳ ಕಣ್ಣಿಗೆ ಬೀಳುತ್ತದೆ.

ನಿಮಗೆ ಅದು ಸಿಗದಿದ್ದರೂ ನೀವು ನಿಂತಿರುವುದೇ ದಖನ್ನಿನ ಬಸಾಲ್ಟ್ ಮೇಲೆ, ಅಂದರೆ ಲಾವಾ ಆರಿ ಗಟ್ಟಿಯಾದ ಕರಿಕಲ್ಲಿನ ಮೇಲೆ. 70017 ಕೂಡ ಬಸಾಲ್ಟ್! ಕಲ್ಲಿನ ಕ್ವಾರಿಯಿಂದ, ಸಣ್ಣ ಸಣ್ಣ ತೂತುಗಳಿರುವ ಮುಷ್ಟಿಗಾತ್ರದ ಕರಿಕಲ್ಲು ತನ್ನಿ. ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿ, ಕಲ್ಲಿಗೆ ಗೋಣಿ ಸುತ್ತಿ ಒಡೆಯಿರಿ. ಒಡೆದ ಹೊಸ ಮುಖವನ್ನು ಮಕ್ಕಳು ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಲಿ. ಲಾವಾದಲ್ಲಿದ್ದ ಅನಿಲದ ಗುಳ್ಳೆಗಳೇ ಆ ತೂತುಗಳು. ನಮ್ಮ ಕಲ್ಲಿನಲ್ಲಿ ಎಷ್ಟೋ ತೂತುಗಳನ್ನು ನೀರು ತಂದ ಬಿಳಿ ಹರಳು ತುಂಬಿರುತ್ತದೆ, ಹೊರಮೈ ಕಂದುಗಟ್ಟಿರುತ್ತದೆ. 70017ರ ಚಿತ್ರವನ್ನು ಪಕ್ಕದಲ್ಲಿಡಿ: ಗುಳ್ಳೆಗಳು ಹಾಗೆಯೇ ಇವೆ, ಒಳಗೆಲ್ಲ ಖಾಲಿ. ನಮ್ಮದು ಸುಮಾರು 6.6 ಕೋಟಿ ವರ್ಷದ್ದು, ಅದು ಸುಮಾರು 370 ಕೋಟಿ ವರ್ಷದ್ದು. ಅಷ್ಟು ಹಳೆಯದಾದರೂ ಅದಕ್ಕೇಕೆ ತುಕ್ಕಿನ ಬಣ್ಣ ಬಂದಿಲ್ಲ ಎಂದು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿರಿ. ಗುಳ್ಳೆ ತುಂಬಿದ ಹರಳನ್ನು ನೋಡಿದ ಮಗು ನೀರಿನ ಹೆಸರು ಹೇಳಿಯೇ ಹೇಳುತ್ತದೆ.