ಶುಗರ್ ಇರುವವರಿಗೆ ರಕ್ತದಲ್ಲಿ ಅಮೈಲೇಸ್ ಕಡಿಮೆ ಬಂದರೆ ಭಯಪಡಬೇಕಾ?

ನಿಮ್ಮ ತಂದೆಗೆ ಬಹಳ ವರ್ಷದಿಂದ ಶುಗರ್ ಇದೆ, ಈ ಸಲ ಪ್ಯಾಕೇಜ್ ಟೆಸ್ಟ್‌ನಲ್ಲಿ ಅಮೈಲೇಸ್ 24 ಬಂದು ಪಕ್ಕದಲ್ಲಿ ಕಡಿಮೆ ಅಂತ ಗುರುತು ಹಾಕಿದ್ದಾರೆ, ಇದರಿಂದ ಶುಗರ್ ಇನ್ನೂ ಏರುತ್ತಾ, ಕಿಣ್ವದ ಮಾತ್ರೆ ಕೊಡಬೇಕಾ ಅಂತ ಕೇಳಿದ್ದೀರಿ. ಇದರಿಂದ ಶುಗರ್ ಏರುವುದಿಲ್ಲ. ಮಾತ್ರೆಯನ್ನು ನೀವಾಗಿಯೇ ತಂದು ಕೊಡಬೇಡಿ.

ನಾನು ತುಮಕೂರಿನ ಒಂದು ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಗುಬ್ಬಿ, ಶಿರಾ, ಮಧುಗಿರಿ ಕಡೆಯಿಂದ ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿ ಬಂದವರು ರಿಪೋರ್ಟ್ ಸಿಕ್ಕ ಕೂಡಲೇ ದಪ್ಪ ಅಕ್ಷರದ ಸಾಲನ್ನೇ ನೋಡಿ ಗಾಬರಿಯಾಗುತ್ತಾರೆ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ.

ಅನ್ನ, ಮುದ್ದೆ, ಚಪಾತಿಯಲ್ಲಿರುವ ಪಿಷ್ಟವನ್ನು ಸಣ್ಣ ಸಕ್ಕರೆಯಾಗಿ ಒಡೆಯುವ ಕಿಣ್ವವೇ ಅಮೈಲೇಸ್. ಜೊಲ್ಲಿನ ಗ್ರಂಥಿ, ಮೇದೋಜೀರಕ ಗ್ರಂಥಿ (ಪ್ಯಾಂಕ್ರಿಯಾಸ್) ಎರಡರಲ್ಲೂ ತಯಾರಾಗುತ್ತದೆ. ಅದರ ಕೆಲಸ ಇರುವುದು ಬಾಯಲ್ಲಿ, ಕರುಳಲ್ಲಿ. ರಕ್ತದಲ್ಲಿ ನಾವು ಅಳೆಯುವುದು ಅಲ್ಲಿಗೆ ಸೋರಿ ಬಂದ ಸ್ವಲ್ಪವನ್ನು ಮಾತ್ರ. ಸಾಮಾನ್ಯವಾಗಿ ಲೀಟರಿಗೆ 30ರಿಂದ 110 ಯೂನಿಟ್ ಅಂತ ಇಟ್ಟುಕೊಳ್ಳುತ್ತಾರೆ, ಆದರೆ ಲ್ಯಾಬಿಂದ ಲ್ಯಾಬಿಗೆ ಬೇರೆ ಇರುತ್ತದೆ, ನಿಮ್ಮ ರಿಪೋರ್ಟ್‌ನಲ್ಲಿ ಕೊಟ್ಟಿರುವ ಮಿತಿಯನ್ನೇ ನೋಡಿ.

ಶುಗರ್ ಇರುವವರಲ್ಲಿ ಇದು ಯಾಕೆ ಕೆಳಗಿರುತ್ತದೆ ಅನ್ನುವುದು ನನಗೆ ತುಂಬಾ ಇಷ್ಟದ ವಿಷಯ. ಇನ್ಸುಲಿನ್ ತಯಾರಿಸುವ ಜೀವಕೋಶಗಳು ಅದೇ ಮೇದೋಜೀರಕದೊಳಗೆ ಸಣ್ಣ ಸಣ್ಣ ಗುಂಪುಗಳಾಗಿ ಕೂತಿರುತ್ತವೆ. ಆ ಗುಂಪುಗಳಿಂದ ಹೊರಟ ರಕ್ತದಲ್ಲಿ ಒಂದು ಪಾಲು ಸುತ್ತಲಿನ ಕಿಣ್ವ ತಯಾರಿಸುವ ಜೀವಕೋಶಗಳ ಮೂಲಕವೇ ಹಾದುಹೋಗುತ್ತದೆ, ಹಾಗಾಗಿ ಮೈಯ ಬೇರೆ ಭಾಗಕ್ಕಿಂತ ಅವುಗಳಿಗೆ ಇನ್ಸುಲಿನ್ ಗಟ್ಟಿಯಾಗಿ ಸಿಗುತ್ತದೆ, ಅಮೈಲೇಸ್ ತಯಾರಿಸಲು ಅದೇ ಪ್ರೇರಣೆ. ಇನ್ಸುಲಿನ್ ಕಡಿಮೆಯಾದರೆ ಅಥವಾ ಅದರ ಮಾತು ನಡೆಯದೇ ಹೋದರೆ ಅಮೈಲೇಸ್ ಕೂಡ ಇಳಿಯುತ್ತದೆ. ಇಲಿಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ: ಶುಗರ್ ಬರಿಸಿದ ಇಲಿಯ ಮೇದೋಜೀರಕದಲ್ಲಿ ಅಮೈಲೇಸ್ ಬಹಳ ಇಳಿಯುತ್ತದೆ, ಇನ್ಸುಲಿನ್ ಕೊಟ್ಟರೆ ಮತ್ತೆ ಏರುತ್ತದೆ. 2011ರಲ್ಲಿ ಪ್ರಕಟವಾದ ಜಪಾನಿನ ಒಂದು ಅಧ್ಯಯನದಲ್ಲೂ ರಕ್ತದ ಅಮೈಲೇಸ್ ಕಡಿಮೆ ಇರುವ ದೊಡ್ಡವರಲ್ಲಿ ಶುಗರ್ ಜಾಸ್ತಿ ಕಂಡಿತ್ತು. ಅಂದರೆ ನಿಮ್ಮ ತಂದೆಯ 24 ಹೆಚ್ಚಾಗಿ ಶುಗರ್‌ನ ನೆರಳು, ಕಾರಣ ಅಲ್ಲ.

ಹಾಗಂತ ಪೂರ್ತಿ ಬಿಟ್ಟುಬಿಡಬೇಡಿ. ಮಲ ಎಣ್ಣೆಎಣ್ಣೆಯಾಗಿ, ಕೆಟ್ಟ ವಾಸನೆಯಿಂದ, ನೀರಲ್ಲಿ ತೇಲುವಂತೆ ಹೋಗುತ್ತಿದೆಯಾ, ತೂಕ ಇಳಿಯುತ್ತಿದೆಯಾ ಅಂತ ಅವರನ್ನೇ ಕೇಳಿ. ನಮ್ಮ ದಕ್ಷಿಣ ಭಾರತದಲ್ಲಿ ಮೇದೋಜೀರಕದಲ್ಲಿ ಕಲ್ಲು ಕಟ್ಟಿ ಶುಗರ್ ಬರುವುದೂ ಉಂಟು, ಸಣಕಲು ಮೈಯವರಲ್ಲಿ, ಚಿಕ್ಕ ವಯಸ್ಸಿನಿಂದ ಹೊಟ್ಟೆನೋವು ಇದ್ದವರಲ್ಲಿ. ಇಂಥ ಲಕ್ಷಣ ಇದ್ದರೆ ಡಾಕ್ಟರು ಸ್ಕ್ಯಾನ್, ಮಲದ ಎಲಾಸ್ಟೇಸ್ ಟೆಸ್ಟ್ (ಮೇದೋಜೀರಕದ ಒಂದು ಕಿಣ್ವ ಮಲದಲ್ಲಿ ಎಷ್ಟಿದೆ ಅಂತ ನೋಡುವುದು) ಬರೆಯುತ್ತಾರೆ. ಕಿಣ್ವದ ಮಾತ್ರೆ ಬೇಕಾಗುವುದು ಅಂಥವರಿಗೆ.

ನಾನು ನಿಜವಾಗಿ ಹೆದರುವುದು ಅಮೈಲೇಸ್ ಜಾಸ್ತಿ ಬಂದಾಗ. ಮೇಲಿನ ಮಿತಿಯ ಮೂರು ಪಟ್ಟು ದಾಟಿ, ಹೊಟ್ಟೆಯ ಮೇಲ್ಭಾಗದಲ್ಲಿ ಬೆನ್ನಿಗೆ ಹೊಡೆಯುವ ನೋವಿದ್ದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ವಿಷಯ, ನೀವು ಕೇಳಿಲ್ಲ ಆದರೂ ಹೇಳಲೇಬೇಕು. ತಂದೆಯ ಚೀಟಿಯಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇದೆಯಾ ನೋಡಿ. ಇವು ಕರುಳಿನಲ್ಲಿ ಸಕ್ಕರೆ ಒಡೆಯುವ ಕಿಣ್ವಗಳನ್ನೇ ತಡೆಯುವ ಮಾತ್ರೆಗಳು, ಊಟದ ನಂತರ ಶುಗರ್ ಒಮ್ಮೆಲೇ ಏರದಿರಲಿ ಅಂತ ಕೊಡುತ್ತಾರೆ. ಜೊತೆಗೆ ಗ್ಲಿಮೆಪಿರೈಡ್ ಅನ್ನುವ ಶುಗರ್ ಇಳಿಸುವ ಮಾತ್ರೆ ಅಥವಾ ಇನ್ಸುಲಿನ್ ಇದ್ದು ಲೋ ಶುಗರ್ ಆಗಿ ಬೆವರಿ ನಡುಗಿದರೆ, ಮನೆಯವರು ತಕ್ಷಣ ಸಕ್ಕರೆಯನ್ನೋ ಬೆಲ್ಲವನ್ನೋ ಬಾಯಿಗೆ ಹಾಕುತ್ತಾರೆ, ಅಲ್ವಾ? ಅದನ್ನು ಒಡೆಯುವ ಕಿಣ್ವವನ್ನೇ ಮಾತ್ರೆ ತಡೆದಿರುವುದರಿಂದ ಅದು ಬೇಗ ರಕ್ತಕ್ಕೆ ಸೇರುವುದಿಲ್ಲ. ಒಡೆಯಬೇಕಾಗಿಯೇ ಇಲ್ಲದ, ಮೆಡಿಕಲ್ ಶಾಪ್‌ನಲ್ಲಿ ಸಿಗುವ ಗ್ಲೂಕೋಸ್ ಪುಡಿಯೇ ಆಗಬೇಕು. ಒಂದು ಪೊಟ್ಟಣ ಮನೆಯಲ್ಲಿ, ಇನ್ನೊಂದು ಅವರು ತೋಟಕ್ಕೆ, ಸಂತೆಗೆ ಹೋಗುವಾಗ ಜೇಬಿನಲ್ಲಿ ಇರಲಿ.