ಆ್ಯಂಟಿಬಾಡಿ ಕೆಟ್ಟದ್ದು ಕಂಪನಿಯಲ್ಲಲ್ಲ, ನಿಮ್ಮ ಫ್ರೀಜರಿನಲ್ಲಿ

ಪ್ರಶ್ನೆ: ಮರೆವಿನ ಕಾಯಿಲೆಯೊಂದಿಗೆ ನಂಟಿರುವ ಟೌ ಎಂಬ ಮೆದುಳಿನ ಪ್ರೋಟೀನನ್ನು ಹುಡುಕಿ ಹಿಡಿಯುವ ಆ್ಯಂಟಿಬಾಡಿ ತರಿಸಿದ್ದೆವು. ಮೊದಮೊದಲು ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ಆ್ಯಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) ಬ್ಯಾಂಡ್, ಅಂದರೆ ಟೌವಿನ ಗೆರೆ, ಸ್ಪಷ್ಟವಾಗಿ ಬರುತ್ತಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಬ್ಯಾಂಡ್ ಮಸುಕು, ಹಿನ್ನೆಲೆಯೆಲ್ಲ ಕಪ್ಪು. ವಯಲನ್ನು ಫ್ರಿಜ್ಜಿನ ಮೇಲಿನ ಫ್ರೀಜರಿನಲ್ಲೇ ಇಟ್ಟಿದ್ದೇವೆ, ಬೇಕಾದಾಗ ತೆಗೆದು ಕರಗಿಸುತ್ತೇವೆ. ಕಂಪನಿಯವರು ಕಳಪೆ ಮಾಲು ಕೊಟ್ಟರೇ?
– ಸಂಶೋಧನಾ ವಿದ್ಯಾರ್ಥಿನಿ, ದೇರಳಕಟ್ಟೆ

ಉತ್ತರ: ಮೊದಲು ಬ್ಯಾಂಡ್ ಬಂದಿತ್ತೆಂದು ನೀವೇ ಬರೆದಿದ್ದೀರಿ. ಅಂದಮೇಲೆ ಮಾಲು ಸರಿಯಾಗಿಯೇ ಇತ್ತು ಮಾರಾಯ್ರೆ! ಮಳೆಗಾಲ ಕಳೆದರೆ ಸಾಕು, ಕಂಪನಿಯನ್ನು ಬೈಯುವ ಇಂಥ ಪತ್ರಗಳು ಶುರು.

ಪ್ರತಿ ಸಲ ಹೆಪ್ಪುಗಟ್ಟಿ ಕರಗುವಾಗಲೂ ಆ್ಯಂಟಿಬಾಡಿಯ ಒಂದಷ್ಟು ಪಾಲು ಗಂಟುಗಟ್ಟುತ್ತದೆ. ಗಂಟುಗಟ್ಟಿದ್ದು ಟೌವನ್ನು ಹಿಡಿಯುವುದಿಲ್ಲ. ಬ್ಲಾಟ್ ಮೂಡುವ ತೆಳು ಹಾಳೆಗೆ, ಅಂದರೆ ಮೆಂಬ್ರೇನಿಗೆ, ಎಲ್ಲೆಂದರಲ್ಲಿ ಅಂಟಿಕೊಳ್ಳುತ್ತದೆ. ಬ್ಯಾಂಡ್ ಮಸುಕಾಗಿ ಹಿನ್ನೆಲೆ ಕಪ್ಪಾಗುವುದು ಹೀಗೆ. ನೀವು ಕರಗಿಸಿದ್ದು ಮಾತ್ರ ಲೆಕ್ಕವಲ್ಲ. ಮನೆಬಳಕೆಯ ಫ್ರಾಸ್ಟ್-ಫ್ರೀ ಫ್ರಿಜ್ಜು ಮಂಜು ತೆಗೆಯಲು ಆಗಾಗ ತಾನೇ ಬಿಸಿಯಾಗುತ್ತದೆ. ಅದರ ಮೇಲೆ ನಮ್ಮೂರಿನ ಆಷಾಢದ ಕರೆಂಟು! ಅಂಥ ಫ್ರಿಜ್ಜಿನಲ್ಲಿ ಆ್ಯಂಟಿಬಾಡಿ ಇಡುವ ಲ್ಯಾಬಿನ ಬ್ಲಾಟನ್ನು ನಾನಂತೂ ನಂಬುವುದಿಲ್ಲ.

ವಯಲ್ ಬಂದ ದಿನವೇ ಒಮ್ಮೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮುಚ್ಚಳಕ್ಕೆ ಅಂಟಿದ ಹನಿಯನ್ನು ಕೆಳಗಿಳಿಸಿ. ಆಮೇಲೆ ಸಣ್ಣ ಟ್ಯೂಬುಗಳಿಗೆ ಹಂಚಿ. ಒಂದೊಂದರಲ್ಲಿ 10 ಮೈಕ್ರೋಲೀಟರಿಗಿಂತ ಕಡಿಮೆ ಬೇಡ, ಟ್ಯೂಬಿನ ಗೋಡೆಯೇ ಒಂದಷ್ಟನ್ನು ಹೀರಿಕೊಳ್ಳುತ್ತದೆ. ಕರಗಿಸಿದ ಟ್ಯೂಬನ್ನು ಮತ್ತೆ ಹೆಪ್ಪುಗಟ್ಟಿಸದೆ 4 ಡಿಗ್ರಿಯಲ್ಲಿಟ್ಟು ಬೇಗ ಮುಗಿಸಿ. ಶೇ 50ರಷ್ಟು ಗ್ಲಿಸರಾಲ್ ಇರುವ ಆ್ಯಂಟಿಬಾಡಿಯಾದರೆ ಮೈನಸ್ 20ರಲ್ಲೂ ದ್ರವವಾಗಿಯೇ ಇರುತ್ತದೆ. ‘ಇನ್ನೂ ತಂಪಾದರೆ ಇನ್ನೂ ಒಳ್ಳೆಯದು’ ಎಂದು ಅದನ್ನು ಮೈನಸ್ 80ಕ್ಕೆ ತಳ್ಳುವ ಸೀನಿಯರ್‌ಗಳ ಮಾತು ಕೇಳಬೇಡಿ. ಅಲ್ಲಿ ಅದೂ ಗಟ್ಟಿಯಾಗುತ್ತದೆ.

ನಿಮ್ಮದು ಎಟಿ8ನಂಥ, ಫಾಸ್ಫೇಟ್ ಸೇರಿದ ಟೌವನ್ನಷ್ಟೇ ಗುರುತಿಸುವ ಆ್ಯಂಟಿಬಾಡಿಯೇ ಎಂದು ಬರೆದಿಲ್ಲ. ಹೌದಾದರೆ ಬ್ಲಾಕಿಂಗಿಗೆ (ಮೆಂಬ್ರೇನಿನ ಖಾಲಿ ಜಾಗ ಮುಚ್ಚಲು) ಹಾಲಿನ ಪುಡಿ ಬಿಟ್ಟು ಬಿಎಸ್‌ಎ (ದನದ ರಕ್ತದ ಪ್ರೋಟೀನ್) ಬಳಸಿ. ಹಾಲಿನ ಕೇಸಿನ್‌ನಲ್ಲೇ ಫಾಸ್ಫೇಟ್ ಇರುವುದರಿಂದ ಹಿನ್ನೆಲೆ ಏರಬಹುದು. ಮೆದುಳಿನ ಅಂಗಾಂಶ ಅರೆಯುವಾಗ ಫಾಸ್ಫಟೇಸ್ ಎಂಬ ಕಿಣ್ವವನ್ನು ತಡೆಯುವ ರಾಸಾಯನಿಕ ಹಾಕದಿದ್ದರೆ ಫಾಸ್ಫೇಟ್ ಕಳಚಿಹೋಗಿ, ಎಷ್ಟೇ ಒಳ್ಳೆಯ ಆ್ಯಂಟಿಬಾಡಿಗೂ ಹಿಡಿಯಲು ಏನೂ ಉಳಿಯುವುದಿಲ್ಲ. ಇನ್ನು, 45ರಿಂದ 65 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ನಡುವೆ ನಾಲ್ಕಾರು ಬ್ಯಾಂಡ್ ಕಂಡರೆ ಗಾಬರಿ ಬೇಡ. ವಯಸ್ಕರ ಮೆದುಳಿನಲ್ಲಿ ಟೌ 6 ರೂಪಗಳಲ್ಲಿದೆ.

ಪ್ರಶ್ನೆ: ಎಚ್‌ಆರ್‌ಪಿ (ಬ್ಯಾಂಡ್ ಕಾಣುವಂತೆ ಮಾಡುವ ಕಿಣ್ವ) ಜೋಡಿಸಿದ ಆ್ಯಂಟಿಬಾಡಿಗೆ ಬೂಸ್ಟು ಹಿಡಿಯದಂತೆ ಸೋಡಿಯಂ ಅಜೈಡ್ ಹಾಕಬಹುದೇ? – ಮಣಿಪಾಲ

ಉತ್ತರ: ಕೂಡದು. ಅಜೈಡ್ ಎಚ್‌ಆರ್‌ಪಿಯ ಕೆಲಸವನ್ನೇ ನಿಲ್ಲಿಸುತ್ತದೆ.

ಪ್ರಶ್ನೆ: ಶಿರಾಡಿ ಘಾಟಿ ಬಂದ್ ಆಗಿ ಪಾರ್ಸೆಲ್ ತಡವಾಯಿತು, ಐಸ್ ಪೂರ್ತಿ ಕರಗಿತ್ತು. ಎಸೆಯಬೇಕೇ? – ಸುರತ್ಕಲ್

ಉತ್ತರ: ಬೇಡ. ಗೊತ್ತಿರುವ ಸ್ಯಾಂಪಲ್ ಮೇಲೆ ಒಮ್ಮೆ ಬ್ಲಾಟ್ ಮಾಡಿ ನೋಡಿ.

ಪ್ರಶ್ನೆ: ಅಮ್ಮನಿಗೆ ಮರೆವು. ಟೌ ಆ್ಯಂಟಿಬಾಡಿ ಇಂಜೆಕ್ಷನ್ ತರಿಸಿಕೊಡುವುದಾಗಿ ಒಬ್ಬರು ದುಡ್ಡು ಕೇಳುತ್ತಿದ್ದಾರೆ. – ಕಾಪು

ಉತ್ತರ: ಒಂದು ಪೈಸೆಯನ್ನೂ ಕೊಡಬೇಡಿ. ಲ್ಯಾಬಿಗೆ ಬರುವ ವಯಲ್ ಮೇಲೆ ‘ಸಂಶೋಧನೆಗೆ ಮಾತ್ರ’ ಎಂದೇ ಬರೆದಿರುತ್ತದೆ. ಅದನ್ನು ಮನುಷ್ಯರಿಗೆ ಚುಚ್ಚಲು ಹೊರಟವನು ಕೊಲೆಗಡುಕ. ಅಮ್ಮನನ್ನು ಈ ವಾರವೇ ನರರೋಗ ತಜ್ಞರಲ್ಲಿಗೆ ಕರೆದೊಯ್ಯಿರಿ. ಥೈರಾಯ್ಡ್, ವಿಟಮಿನ್ ಬಿ12 ಪರೀಕ್ಷೆಯನ್ನೂ ಕೇಳಿ. ಅವುಗಳ ಕೊರತೆಯಿಂದ ಬರುವ ಮರೆವಿಗೆ ಮದ್ದಿದೆ.